ಉದ್ದದ ಮಣ್ಣಿನ ದಂಡೆ ಎಲ್ಲಿ ಒಡೆದೀತು? ಮಳೆಗಾಲಕ್ಕೆ ಮೊದಲು ಅಪಾಯ ಅಳೆಯುವ ಕ್ರಮ

ದಂಡೆ ಒಡೆದ ಮರುದಿನ ಊರಲ್ಲಿ ಕೇಳಿಬರುವ ಮಾತು: ‘ಇನ್ನೊಂದು ಅಡಿ ಎತ್ತರ ಇದ್ದಿದ್ದರೆ ಉಳೀತಿತ್ತು.’ ಕೆಲವು ಸಲ ಅದು ನಿಜ. ಆದರೆ ನೀರು ನೆತ್ತಿ ಮುಟ್ಟಲು ಇನ್ನೂ ಒಂದೂವರೆ ಅಡಿ ಬಾಕಿ ಇರುವಾಗಲೇ ತೂಬಿನ ಪಕ್ಕದಲ್ಲೋ ಏಡಿ ಬಿಲದಲ್ಲೋ ದಾರಿ ಮಾಡಿಕೊಂಡು ಒಡೆಯುವ ದಂಡೆಗಳೂ ಬೇಕಾದಷ್ಟಿವೆ. ಅಂಥ ದಂಡೆಯ ಮೇಲೆ ಎಷ್ಟು ಲೋಡ್ ಮಣ್ಣು ಸುರಿದರೂ ಅದು ಒಡೆಯುವ ಜಾಗದಲ್ಲೇ ಒಡೆಯುತ್ತದೆ. ಹಾಗಾಗಿ ಎತ್ತರದ ಚರ್ಚೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ದಂಡೆ ಎಲ್ಲೆಲ್ಲಿ, ಯಾವ ಯಾವ ರೀತಿಯಲ್ಲಿ ಸೋಲಬಹುದು ಎಂಬುದನ್ನು ಲೆಕ್ಕ ಹಾಕೋಣ.

ಇಲ್ಲಿ ಹೇಳುವುದು ಸ್ವರ್ಣಾ, ಸೀತಾ, ಉದ್ಯಾವರ ಹೊಳೆ, ಶಾಂಭವಿ, ನಂದಿನಿ, ಫಲ್ಗುಣಿ, ನೇತ್ರಾವತಿಯ ಅಳಿವೆ ಭಾಗದಲ್ಲಿ ಉಪ್ಪುನೀರು ಬೈಲು ಗದ್ದೆಗೆ ನುಗ್ಗದಂತೆ ಕಟ್ಟಿದ, ಒಂದರಿಂದ ಐದು ಕಿ.ಮೀ. ಉದ್ದದ, ಹೆಚ್ಚೆಂದರೆ ಎರಡಾಳೆತ್ತರದ ದಂಡೆಗಳಿಗೆ ಅನ್ವಯಿಸುತ್ತದೆ. ಸರ್ವೆ ಕೆಲಸಕ್ಕೆ ಮಾರ್ಚ್, ಏಪ್ರಿಲ್ ಒಳ್ಳೆಯದು. ಪತ್ತನಾಜೆ (ಮೇ ಕೊನೆಯ ವಾರದ ಹೊತ್ತಿನ ತುಳುನಾಡಿನ ಆಚರಣೆ) ಕಳೆದ ಮೇಲೆ ಮಣ್ಣು ಮುಟ್ಟುವ ಕೆಲಸ ಇಟ್ಟುಕೊಳ್ಳಬೇಡಿ. ಮೇ ಕೊನೆಯಲ್ಲಿ ಸಡಿಲವಾಗಿ ಸುರಿದ ಮಣ್ಣು ಜೂನ್ ಮೊದಲ ವಾರದಲ್ಲಿ ಹೊಳೆ ಸೇರಿರುತ್ತದೆ.

1. ಮೊದಲು ನೀರಿನ ಮಟ್ಟ

ಮೂರು ಮಟ್ಟ ಬೇಕು: ಪ್ರತಿ ಮಳೆಗಾಲವೂ ಬರುವಂಥದ್ದು, ಹತ್ತು ವರ್ಷಕ್ಕೊಮ್ಮೆ ಬರುವಂಥದ್ದು, ಐವತ್ತು ವರ್ಷಕ್ಕೊಮ್ಮೆ ಬರುವಂಥದ್ದು. ಹೊಳೆಯ ದಾಖಲೆ ಸಿಗದಿದ್ದರೆ ನೆರೆಯ ಗುರುತು ಹುಡುಕಿ. ಹಳೆ ಮನೆಯ ಗೋಡೆ, ಸೇತುವೆಯ ಕಂಬ, ದೈವಸ್ಥಾನದ ಜಗಲಿ, ಎಲ್ಲ ಕಡೆ ಯಾರಾದರೊಬ್ಬರು ‘ಇಲ್ಲಿಯವರೆಗೆ ಬಂದಿತ್ತು’ ಎಂದು ಕೈ ಇಟ್ಟು ತೋರಿಸುತ್ತಾರೆ. ಒಬ್ಬರು ತೋರಿಸಿದ್ದನ್ನು ನಂಬಬೇಡಿ, ಅಕ್ಕಪಕ್ಕದ ಮೂರು ಗುರುತು ಒಂದೇ ಮಟ್ಟಕ್ಕೆ ಬಂದರೆ ನಂಬಿ. ಉಡುಪಿ ಕಡೆ 2020ರ ಸೆಪ್ಟೆಂಬರ್ 20ರ ನೆರೆ ಹಲವರಿಗೆ ಇನ್ನೂ ನೆನಪಿದೆ, ಆ ಮಟ್ಟ ಹಿಡಿಯುವುದು ಸುಲಭ.

ಹೊಳೆಯ ನೆರೆ ಮತ್ತು ಸಮುದ್ರದ ಉಬ್ಬರವನ್ನು ಬೇರೆ ಬೇರೆ ಲೆಕ್ಕ ಮಾಡಿದರೆ ಇಲ್ಲಿ ತಪ್ಪಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ಅಂತರ ಸುಮಾರು ಒಂದೂವರೆ ಮೀಟರ್ ಇರುತ್ತದೆ. ಘಟ್ಟದಿಂದ ಬಂದ ನೀರಿಗೆ ಆ ಹೊತ್ತಿನಲ್ಲಿ ಅಳಿವೆಯಲ್ಲಿ ಹೊರಹೋಗಲು ದಾರಿ ಸಿಗುವುದಿಲ್ಲ, ಅದು ಹಿಂದಕ್ಕೆ ತುಂಬುತ್ತದೆ. 2020ರ ನೆರೆ ಬಂದದ್ದೂ ಮಹಾಲಯ ಅಮಾವಾಸ್ಯೆ ಕಳೆದ ಮೂರನೇ ದಿನ. ಆಟಿ ಅಮಾವಾಸ್ಯೆಯಂದು ಬೆಳಗಿನ ಜಾವ ಪಾಲೆ ಕಷಾಯಕ್ಕೆ ಹೇಗೂ ಏಳುತ್ತೇವಲ್ಲ, ಹಾಗೆಯೇ ಉಬ್ಬರದ ಹೊತ್ತು ನೋಡಿಕೊಂಡು ದಂಡೆಯ ಮೇಲೊಂದು ಸುತ್ತು ಹೋಗಿ ಬಂದರೆ ವರ್ಷದ ಕಠಿಣ ಪರೀಕ್ಷೆಗಳಲ್ಲೊಂದನ್ನು ಕಣ್ಣಾರೆ ನೋಡಿದ ಹಾಗಾಗುತ್ತದೆ.

2. ದಂಡೆಯನ್ನು ತುಂಡು ಮಾಡಿ

ಒಂದು ತುದಿಯಿಂದ ಶುರುಮಾಡಿ 50 ಮೀ.ಗೊಂದು ಗೂಟ ಹೊಡೆದು ಕೆಂಪು ಬಣ್ಣದಲ್ಲಿ ದೂರ ಬರೆಯಿರಿ. ಮುಂದೆ ಬರೆಯುವ ಪ್ರತಿ ಸಾಲಿಗೂ ಈ ದೂರವೇ ವಿಳಾಸ. ‘ಅಣ್ಣನ ತೋಟದ ಹತ್ತಿರ ಸ್ವಲ್ಪ ಸೋರಿಕೆ’ ಎಂದು ಬರೆದಿಟ್ಟರೆ ಎರಡು ವರ್ಷದ ನಂತರ ಯಾರಿಗೂ ಅರ್ಥವಾಗದು. ‘1,340 ಮೀ., ಗದ್ದೆಬದಿ, ಬುಡದಿಂದ 2 ಮೀ. ಒಳಗೆ’ ಎಂದು ಬರೆಯಬೇಕು.

ನೆತ್ತಿಯ ಮಟ್ಟವನ್ನು ಆಟೋ ಲೆವೆಲ್‌ನಲ್ಲಿ ಪ್ರತಿ 25 ಮೀ.ಗೆ ತೆಗೆದುಕೊಳ್ಳಿ. ಜತೆಗೆ ಕಣ್ಣಿಗೆ ತಗ್ಗು ಕಂಡಲ್ಲೆಲ್ಲ ಒಂದೊಂದು ಹೆಚ್ಚಿಗೆ ಇರಲಿ. ಯಂತ್ರವಿಲ್ಲದಿದ್ದರೆ ಮೇಸ್ತ್ರಿಗಳು ಬಳಸುವ ಲೆವೆಲ್ ಪೈಪು ಸಾಕು, ಒಳಗೆ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡರಾಯಿತು. ಮೊಬೈಲ್ ತೋರಿಸುವ ಎತ್ತರ ಮೀಟರುಗಟ್ಟಲೆ ತಪ್ಪಿರಬಹುದು, ಈ ಕೆಲಸಕ್ಕೆ ಅದು ಬೇಡ. ಬೇಸಿಗೆಯಲ್ಲಿ ಇನ್ನೊಂದು ಅಗ್ಗದ ಉಪಾಯವಿದೆ. ಹುಣ್ಣಿಮೆಯ ಉಬ್ಬರ ಏರಿ ನಿಂತ ಹತ್ತು ನಿಮಿಷದೊಳಗೆ ನಾಲ್ಕೈದು ಜನ ಬೇರೆ ಬೇರೆ ಗೂಟಗಳಲ್ಲಿ ನೀರಿನ ಗೆರೆ ಗುರುತು ಹಾಕಿ, ಅಲ್ಲಿಂದ ನೆತ್ತಿಗೆ ಅಳೆದರೆ ಯಾವ ಕಡೆ ತಗ್ಗು ಎಂಬುದು ಸಾಕಷ್ಟು ಚೆನ್ನಾಗಿ ಸಿಗುತ್ತದೆ. ಮಳೆಗಾಲದಲ್ಲಿ ಹೊಳೆಯ ನೀರೇ ಇಳಿಜಾರಾಗಿ ಹರಿಯುವುದರಿಂದ ಆಗ ಇದು ನಡೆಯದು.

ಆಮೇಲೆ ದಂಡೆಯನ್ನು ವಿಭಾಗ ಮಾಡಿ, ಆದರೆ ಸಮ ಅಳತೆಯಲ್ಲಲ್ಲ. ಏನಾದರೂ ಬದಲಾದಲ್ಲೆಲ್ಲ ಗೆರೆ ಎಳೆಯಬೇಕು: ಮುರಕಲ್ಲಿನ ಕಟ್ಟೋಣ ಮುಗಿದು ಬರಿಮಣ್ಣು ಶುರುವಾಗುವ ಜಾಗ, ಹೊಳೆ ತಿರುಗುವ ಹೊರಬಾಗು, ಮರಳು ತೆಗೆದು ಆಳವಾದ ಕಡೆ, ದೋಣಿ ಎಳೆಯುವ ಕಡವು, ಬೈಕು ಓಡಾಡಿ ತಗ್ಗಾದ ಅಡ್ಡದಾರಿ, ಪ್ರತಿ ತೂಬು, ಪ್ರತಿ ನೀರಿನ ಪೈಪು. ದಂಡೆ ಸೋಲುವುದು ಹೆಚ್ಚಾಗಿ ಇಂಥ ಸೇರುವೆಗಳಲ್ಲೇ.

ಕಣ್ಣಿಗೆ ಕಾಣದ ಎರಡು ಗೆರೆಗಳೂ ಉಂಟು. ಒಂದು, ಹಳೆ ತೋಡು. ದಂಡೆ ಕಟ್ಟುವ ಮೊದಲು ಹೊಳೆಗೆ ಸೇರುತ್ತಿದ್ದ ತೋಡನ್ನು ಅಡ್ಡ ಕಟ್ಟಿ ಮುಚ್ಚಿರುತ್ತಾರೆ. ಕೆಳಗೆ ಮರಳು ಹಾಗೆಯೇ ಇರುತ್ತದೆ. ಗ್ರಾಮ ನಕ್ಷೆಯಲ್ಲಿ ಪರಂಬೋಕು ಎಂದು ತೋರಿಸಿದ ತೋಡಿನ ಗೆರೆಯನ್ನು ಹಿಡಿದು ಹೋದರೆ ಅದು ದಂಡೆಯನ್ನು ದಾಟುವ ಜಾಗ ಗೊತ್ತಾಗುತ್ತದೆ. ಇನ್ನೊಂದು, ಹಿಂದೆ ಒಡೆದು ಮುಚ್ಚಿದ ಜಾಗ. ಒಡೆದಾಗ ನೀರು ಬುಡದಲ್ಲಿ ಹೊಂಡ ಕೊರೆದಿರುತ್ತದೆ. ಅದಕ್ಕೆ ಅವಸರದಲ್ಲಿ ಮರಳು ಚೀಲ, ತೆಂಗಿನ ದಿಂಬು, ಕೈಗೆ ಸಿಕ್ಕ ಕಲ್ಲು ಹಾಕಿ ಮೇಲೆ ಮಣ್ಣು ಮುಚ್ಚಿರುತ್ತಾರೆ. ದಿಂಬು ಕುಂಬಾಗಿ ಒಳಗೆ ಟೊಳ್ಳು ಬಿದ್ದಿರಬಹುದು. ಇದನ್ನು ಹೇಳಬಲ್ಲವರು ಊರಿನ ಎಪ್ಪತ್ತು ದಾಟಿದವರು ಮಾತ್ರ. ಅವರನ್ನು ದಂಡೆಯ ಮೇಲೆ ಕರೆದುಕೊಂಡು ಹೋಗಿ ಕೇಳಿ, ಮನೆಯಲ್ಲಿ ಕೂತು ಕೇಳಿದರೆ ಜಾಗ ಸರಿಯಾಗಿ ಸಿಗುವುದಿಲ್ಲ.

3. ಎರಡು ಸಲ ನಡೆಯಿರಿ

ಇಳಿತದಲ್ಲಿ ಹೊಳೆಬದಿಯ ಬುಡ ಕಾಣುತ್ತದೆ. ಉಬ್ಬರದಲ್ಲಿ ಗದ್ದೆಬದಿಯ ಸೋರಿಕೆ ಕಾಣುತ್ತದೆ. ಎರಡೂ ಬೇಕು.

ಹೊಳೆಬದಿಯಲ್ಲಿ ಕಲ್ಲಿನ ಸಂದಿಗೆ ಕೈ ಹಾಕಿ ನೋಡಿ. ಹಿಂದೆ ಮಣ್ಣು ಸಿಗದೆ ಖಾಲಿ ಇದ್ದರೆ ಅಲೆಗಳು ಸಂದಿಯಿಂದ ಮಣ್ಣನ್ನು ಹೀರಿವೆ ಎಂದರ್ಥ. ಕಲ್ಲಿನ ಹಿಂದೆ ಬೇಬಿ ಜಲ್ಲಿ, ಮರಳಿನ ಪದರವಾಗಲಿ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಆಗಲಿ ಹಾಕದೆ ಕಟ್ಟಿದಲ್ಲಿ ಇದು ಆಗಿಯೇ ಆಗುತ್ತದೆ. ಕಾಂಡ್ಲ (ಮ್ಯಾಂಗ್ರೋವ್) ಗಿಡ ಬೆಳೆದ ಕಡೆ ಅಲೆಯ ಹೊಡೆತ ಕಡಿಮೆ, ಅದನ್ನು ಕಡಿಯಬೇಡಿ. ನೆತ್ತಿಯ ಮೇಲಿನ ತೆಂಗು ಬೇರೆ ವಿಷಯ. ಬದುಕಿರುವಷ್ಟು ದಿನ ಗಾಳಿಗೆ ಬೀಳುವ ಭಯ, ಸತ್ತ ಮೇಲೆ ಬೇರು ಕೊಳೆತು ಕೊಳವೆಯಾಗುವ ಭಯ. ಕಡಿದ ಬೊಡ್ಡೆಗಳನ್ನೂ ಎಣಿಸಿ ಬರೆಯಿರಿ.

ಬಿರುಕು ಕಂಡರೆ ದಿಕ್ಕು ನೋಡಿ. ದಂಡೆಯ ಉದ್ದಕ್ಕೆ ಇದ್ದರೆ ಒಂದು ಮಗ್ಗುಲು ಜಾರಲು ಹೊರಟಿರಬಹುದು, ಅಡ್ಡಕ್ಕೆ ಇದ್ದರೆ ಅದು ನೀರಿಗೆ ಹೊಳೆಯಿಂದ ಗದ್ದೆಗೆ ನೇರ ದಾರಿ. ಅಡ್ಡ ಬಿರುಕನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಿ. ಎರಡೂ ಬದಿಗೆ ಒಂದೊಂದು ಮೊಳೆ ಹೊಡೆದು ವಾರಕ್ಕೊಮ್ಮೆ ಅಂತರ ಅಳೆಯಿರಿ. ಆಳ ತಿಳಿಯಬೇಕಾದರೆ ತೆಳು ಸುಣ್ಣದ ನೀರು ಹೊಯ್ದು ಬದಿಯಿಂದ ಅಗೆದರೆ ಬಿಳಿ ಗೆರೆ ಎಲ್ಲಿಯವರೆಗೆ ಇಳಿದಿದೆ ಎಂದು ಕಾಣುತ್ತದೆ. ಬೇಸಿಗೆಯ ಬಿರುಕನ್ನು ‘ಮಳೆ ಬಂದರೆ ಕೂಡಿಕೊಳ್ಳುತ್ತದೆ’ ಎಂದು ಬಿಡುವ ರೂಢಿ ಅಪಾಯದ್ದು. ನೆದರ್ಲೆಂಡ್ಸ್‌ನ ವಿಲ್ನಿಸ್‌ನಲ್ಲಿ 2003ರ ಆಗಸ್ಟ್‌ನಲ್ಲಿ ಕಾಲುವೆಯ ದಂಡೆ ಒಡೆದದ್ದು ನೆರೆಯಲ್ಲಲ್ಲ, ಒಣ ಬೇಸಿಗೆಯಲ್ಲಿ. ಅದರ ಪೀಟ್ (ಅರೆಕೊಳೆತ ಸಸ್ಯಗಳ) ಮಣ್ಣು ಒಣಗಿ ಹಗುರವಾಗಿತ್ತು, ನೀರು ದಂಡೆಯನ್ನೇ ಬದಿಗೆ ತಳ್ಳಿಬಿಟ್ಟಿತು. ನಮ್ಮಲ್ಲಿ ಮಣ್ಣು ಬೇರೆ. ಆದರೂ ದಂಡೆ ಒಣಗುವ ತಿಂಗಳುಗಳನ್ನು ಪರೀಕ್ಷೆಯಿಂದ ಬಿಡಬಾರದು ಎಂಬುದಕ್ಕೆ ಇಷ್ಟು ಸಾಕು.

ಗದ್ದೆಬದಿಯಲ್ಲಿ ನೀರು ಒಸರುತ್ತಿದ್ದರೆ ಅದು ಹೊಳೆಯದೋ ನೆಲದ ಒರತೆಯೋ? ಬೇಸಿಗೆಯಲ್ಲಿ ಇದಕ್ಕೆ ಉತ್ತರ ನಾಲಗೆಯಲ್ಲೇ ಇದೆ. ಉಬ್ಬರದ ಹೊತ್ತಿಗೆ ಹೆಚ್ಚಾಗಿ, ಉಪ್ಪಾಗಿ ಬಂದರೆ ಹೊಳೆಯ ನೀರು. ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಟಿಡಿಎಸ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಜುಲೈಯಲ್ಲಿ ಅಳಿವೆಯವರೆಗೆ ಹೊಳೆಯೇ ಸಿಹಿಯಾಗುವುದರಿಂದ ಆಗ ಈ ಪರೀಕ್ಷೆ ಕೆಲಸಕ್ಕೆ ಬಾರದು. ಒಸರಿನ ಪ್ರಮಾಣವನ್ನು ಒಂದು ಲೀಟರ್ ಮಗ್ ತುಂಬಲು ಎಷ್ಟು ಸೆಕೆಂಡ್ ಎಂದು ಅಳೆಯಿರಿ. ಇನ್ನೊಂದು ಬಾಟಲಿಯಲ್ಲಿ ನೀರು ಹಿಡಿದು ರಾತ್ರಿಯಿಡೀ ಇಡಿ. ತಿಳಿಯಾದ ನೀರು ಜಾಸ್ತಿ ಬಂದರೂ ತಡೆದುಕೊಳ್ಳಬಹುದು, ತಳದಲ್ಲಿ ಮಣ್ಣು ನಿಂತರೆ ಸ್ವಲ್ಪ ಬಂದರೂ ದಂಡೆ ಒಳಗಿನಿಂದ ಖಾಲಿಯಾಗುತ್ತಿದೆ.

4. ಮಣ್ಣು ಯಾವುದು?

100 ಮಿ.ಮೀ. ಕೈ ಆಗರ್‌ನಿಂದ (ಮಣ್ಣು ಕೊರೆಯುವ ಸಾಧನ) ಪ್ರತಿ ವಿಭಾಗದಲ್ಲೂ ನೆತ್ತಿಯಲ್ಲಿ ಒಂದು, ಗದ್ದೆಬದಿಯ ಬುಡದಲ್ಲಿ ಒಂದು ರಂಧ್ರ, 3ರಿಂದ 4 ಮೀ. ಆಳಕ್ಕೆ. ಅರ್ಧ ಮೀಟರಿಗೊಂದು ಮಾದರಿ ತೆಗೆದಿಡಿ. ಕೆಲಸ ಮುಗಿದ ಕೂಡಲೇ ಬೆಂಟೊನೈಟ್ (ನೆನೆದರೆ ಉಬ್ಬುವ ಜೇಡಿ) ಬೆರೆಸಿದ ಜೇಡಿಮಣ್ಣನ್ನು ಪದರ ಪದರವಾಗಿ ಗುದ್ದಿ ರಂಧ್ರ ಮುಚ್ಚಬೇಕು. ಪರೀಕ್ಷೆಗೆಂದು ಕೊರೆದ ತೂತೇ ಸೋರಿಕೆಯ ದಾರಿಯಾಗಬಾರದು.

ಇಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಶೇಡಿ ಮಣ್ಣು. ಕೆಂಪು ಮುರಕಲ್ಲಿನ ಪದರದ ಕೆಳಗೆ ಸಿಗುವ ಬಿಳಿ, ಹಳದಿ, ನಸುಗೆಂಪು ಬಣ್ಣದ ನಯವಾದ ಮಣ್ಣು. ಗುಡ್ಡ ಕಡಿದಲ್ಲೆಲ್ಲ ಹೇರಳ, ಹಾಗಾಗಿ ದಂಡೆಗೂ ಟಿಪ್ಪರ್‌ನಲ್ಲಿ ಬಂದು ಬೀಳುತ್ತದೆ. ಒಣಗಿದಾಗ ಉಗುರು ಇಳಿಯದಷ್ಟು ಗಟ್ಟಿ, ನೆನೆದರೆ ಶಕ್ತಿಯೆಲ್ಲ ಹೋಗಿ ಹರಿಯುವ ನೀರಿನ ಜತೆ ಸುಲಭವಾಗಿ ಕೊಚ್ಚಿಕೊಂಡು ಹೋಗುತ್ತದೆ. ಏಪ್ರಿಲ್‌ನಲ್ಲಿ ಹಾರೆಯಿಂದ ಗುದ್ದಿ ‘ಗಟ್ಟಿ ಉಂಟು’ ಎಂದು ತೀರ್ಮಾನಿಸಿದವರೆಲ್ಲ ಮೋಸ ಹೋಗುವುದು ಇಲ್ಲೇ.

ಅದಕ್ಕೊಂದು ಸರಳ ಪರೀಕ್ಷೆ ಮಾಡಿ. ಕಡಲೆಕಾಳಿನಷ್ಟು ದೊಡ್ಡ ಮಣ್ಣಿನ ಉಂಡೆಯನ್ನು ಗಾಜಿನ ಲೋಟದ ನೀರಿಗೆ ಮೆಲ್ಲ ಇಳಿಸಿ ಹತ್ತು ನಿಮಿಷ ಅಲುಗಾಡಿಸದೆ ನೋಡಿ. ಉಂಡೆ ಕುಸಿದು ರಾಶಿಯಾಗಿ ಸುತ್ತಲಿನ ನೀರು ತಿಳಿಯಾಗಿಯೇ ಉಳಿದರೆ ಮಣ್ಣು ನೀರಿಗೆ ಬಿಚ್ಚಿಕೊಳ್ಳುತ್ತದೆ, ಕರಗಿ ತೇಲುವುದಿಲ್ಲ. ಉಂಡೆಯ ಸುತ್ತ ಹೊಗೆಯಂತೆ ಮೋಡ ಎದ್ದು ತಳವಿಡೀ ಹರಡಿದರೆ ಆ ಮಣ್ಣು ಸಣ್ಣ ಬಿರುಕನ್ನೂ ದೊಡ್ಡ ಕೊಳವೆ ಮಾಡಬಲ್ಲದು. ನೀರು ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಿರಲಿ. ಉಪ್ಪಿನ ಅಂಶವಿರುವ ಹೊಳೆ ನೀರಿನಲ್ಲಿ ಈ ಗುಣ ಅಡಗಿಬಿಡುತ್ತದೆ. ಬೇಸಿಗೆಯಲ್ಲಿ ಉಪ್ಪುನೀರಿಗೆ ಸುಮ್ಮನಿದ್ದ ಮಣ್ಣು ಮಳೆಯ ಸಿಹಿನೀರಿಗೆ ಬಿಟ್ಟುಕೊಡುವುದು ಇದೇ ಕಾರಣಕ್ಕೆ.

ವಿದ್ಯುತ್ ರೋಧದ ಸಮೀಕ್ಷೆ ಮಾಡಿಸುವ ಅನುಕೂಲವಿದ್ದರೆ ಮಾಡಿಸಿ, ಆದರೆ ಉಪ್ಪುನೀರು ಎಲ್ಲ ಕಡೆ ರೋಧವನ್ನು ತಗ್ಗಿಸುತ್ತದೆ ಎಂಬುದು ನೆನಪಿರಲಿ. ಅಂಕಿಯನ್ನು ನೋಡುವುದಕ್ಕಿಂತ ಅಕ್ಕಪಕ್ಕದ ವ್ಯತ್ಯಾಸವನ್ನು ನೋಡಿ, ಅಲ್ಲಿ ಆಗರ್ ಇಳಿಸಿ.

5. ಬುಡದ ಕೆಳಗಿನ ಸೋರಿಕೆ

ಹಳೆಯದಾದರೂ ಮೊದಲ ಜರಡಿಗೆ ಕಟ್ಟಡದ ಕೆಳಗಿನ ಸೋರಿಕೆಗೆ ಇಂಜಿನಿಯರ್ ಬ್ಲೈ ಹೇಳಿದ 1910ರ ನಿಯಮ ಸಾಕು. ನೀರು ದಂಡೆಯ ಕೆಳಗೆ ಸಾಗಬೇಕಾದ ದೂರವನ್ನು ಎರಡು ಬದಿಯ ನೀರಿನ ಮಟ್ಟದ ಅಂತರದಿಂದ ಭಾಗಿಸಿ. ಸಣ್ಣ ಅಭ್ರಕದ ಮರಳಿಗೆ ಉತ್ತರ 15ಕ್ಕಿಂತ, ದಪ್ಪ ಮರಳಿಗೆ 12ಕ್ಕಿಂತ ಹೆಚ್ಚಿರಬೇಕು. ಉದಾಹರಣೆಗೆ ಬುಡದ ಅಗಲ 14 ಮೀ., ಮಟ್ಟದ ಅಂತರ 1.8 ಮೀ. ಎಂದುಕೊಳ್ಳಿ. 14ನ್ನು 1.8ರಿಂದ ಭಾಗಿಸಿದರೆ 7.8. ಸಣ್ಣ ಮರಳಿನ ಮೇಲೆ ಕೂತ ದಂಡೆಗೆ ಇದು ಬೇಕಾದದ್ದರ ಅರ್ಧ ಮಾತ್ರ. ಬ್ಲೈ ನಿಯಮ ಬಿಗಿಯಾದದ್ದು, ಉಬ್ಬರವೂ ಕೆಲವೇ ಗಂಟೆ ನಿಲ್ಲುತ್ತದೆ, ಹಾಗಾಗಿ ಕೂಡಲೇ ಒಡೆಯುತ್ತದೆ ಎಂದಲ್ಲ. ನೆರೆ ಮೂರು ದಿನ ನಿಂತರೆ ಮಾತ್ರ ಆ ಸಮಾಧಾನ ಇರುವುದಿಲ್ಲ.

ಗದ್ದೆಬದಿಯಲ್ಲಿ ಮರಳಿನ ಮೇಲೆ ಜೇಡಿಯ ಹೊದಿಕೆ ಇದ್ದರೆ ಅದು ಒಳ್ಳೆಯದೇ, ದಪ್ಪ ಸಾಕಷ್ಟಿದ್ದರೆ. 60 ಸೆಂ.ಮೀ. ಜೇಡಿಯನ್ನು ಎತ್ತಿಹಾಕಲು ಗದ್ದೆಯ ಮಟ್ಟಕ್ಕಿಂತ ಸುಮಾರು 45 ಸೆಂ.ಮೀ. ಹೆಚ್ಚಿನ ನೀರಿನ ಒತ್ತಡ ಮರಳಿನಲ್ಲಿದ್ದರೆ ಸಾಕು. ಆ ಹೊದಿಕೆಯನ್ನು ಕೆರೆದು ತೆಳು ಮಾಡುವವರು ನಾವೇ: ಬುಡದ ಪಕ್ಕದಲ್ಲೇ ಸಿಗಡಿ ಹೊಂಡ, ತೆಂಗಿಗೆ ಕಣಿ, ಎಲ್ಲಕ್ಕಿಂತ ಹೆಚ್ಚಾಗಿ ದಂಡೆ ಏರಿಸಲೆಂದು ಜೆಸಿಬಿಯಿಂದ ಅಲ್ಲಿಂದಲೇ ಮಣ್ಣು ಎತ್ತುವುದು. ಒಂದು ಅಡಿ ಎತ್ತರ ಗಳಿಸಲು ಹೋಗಿ ಬುಡದ ಎರಡು ಅಡಿ ಹೊದಿಕೆ ಕಳೆದುಕೊಂಡ ದಂಡೆ ಮೊದಲಿಗಿಂತ ದುರ್ಬಲ.

6. ತೂಬು

ಒಂದೇ ದಿನ ಸಮಯವಿದ್ದರೆ ಇಡೀ ದಿನವನ್ನು ತೂಬುಗಳಿಗೆ ಕೊಡಿ. ಮಣ್ಣು ವರ್ಷ ವರ್ಷ ಕುಸಿಯುತ್ತದೆ, ಕಲ್ಲು ಮತ್ತು ಕಾಂಕ್ರೀಟು ಅಷ್ಟು ಕುಸಿಯುವುದಿಲ್ಲ. ಹಾಗಾಗಿ ಗೋಡೆಯ ಪಕ್ಕದಲ್ಲಿ, ಪೈಪಿನ ಹೊಟ್ಟೆಯ ಕೆಳಗೆ ಸಂದು ಬೀಳುತ್ತದೆ. ಕಟ್ಟುವಾಗಲೂ ಅಲ್ಲಿಗೆ ರೋಲರ್ ತಲುಪಿರುವುದಿಲ್ಲ, ಕೈಗುದ್ದಲಿಯಲ್ಲಿ ಮಣ್ಣು ತಳ್ಳಿರುತ್ತಾರೆ.

8 ಮಿ.ಮೀ. ಕಬ್ಬಿಣದ ಸರಳನ್ನು ಗೋಡೆಯ ಪಕ್ಕ 30 ಸೆಂ.ಮೀ.ಗೊಮ್ಮೆ ಕೈಯಿಂದ ಒತ್ತಿ. ಒಂದು ಕಡೆ ಸರಳು ಇದ್ದಕ್ಕಿದ್ದಂತೆ ಜಾರಿ ಇಳಿದರೆ ಒಳಗೆ ಟೊಳ್ಳು. ತಳದ ಚಪ್ಪಡಿಯನ್ನು ಮರದ ಕೊಡತಿಯಿಂದ ಬಡಿಯಿರಿ. ಹಲಸಿನಕಾಯಿ ಬಡಿದು ಹಣ್ಣಾಗಿದೆಯೇ ನೋಡುವವರಿಗೆ ಸದ್ದಿನ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಉಬ್ಬರದ ಹೊತ್ತಿಗೆ ಬಾಗಿಲು ಮುಚ್ಚಿ, ಹೊಳೆಬದಿಯ ಮೂಲೆಯಲ್ಲಿ ಪೊಟ್ಯಾಶಿಯಂ ಪರಮಾಂಗನೇಟ್ ಕರಗಿಸಿದ ನೀರು ಬಿಡಿ. ಗದ್ದೆಬದಿಯಲ್ಲಿ ನೇರಳೆ ಬಣ್ಣ ಎಲ್ಲಿ, ಎಷ್ಟು ನಿಮಿಷಕ್ಕೆ ಬಂತು ಎಂದು ಬರೆದುಕೊಳ್ಳಿ. ಹಲಗೆಯ ಸಂದಿಯಿಂದ ಬಂದರೆ ಸಣ್ಣ ರಿಪೇರಿ. ಗೋಡೆಯ ಹೊರಗಿನ ಮಣ್ಣಿನಿಂದ ಬಂದರೆ ಈ ದಂಡೆಯ ಅತ್ಯಂತ ದುರ್ಬಲ ಜಾಗ ಸಿಕ್ಕಿತು ಎಂದೇ ತಿಳಿಯಿರಿ. ಮರದ ಹಲಗೆಗಳನ್ನು ಹೊರತೆಗೆದು ಚೂರಿಯಿಂದ ಚುಚ್ಚಿಯೂ ನೋಡಿ, ಉಪ್ಪುನೀರಿನ ಕೊರೆಯುವ ಹುಳು ಮೇಲ್ಮೈಯನ್ನು ಹಾಗೆಯೇ ಬಿಟ್ಟು ಒಳಗನ್ನು ತಿಂದಿರುತ್ತದೆ.

7. ಜಾರಿಕೆ

ಇಳಿಜಾರಿನ ಸ್ಥಿರತೆಯ ಲೆಕ್ಕವನ್ನು ಇಂಜಿನಿಯರ್ ಹತ್ತಿರ ಮಾಡಿಸಿ. ಮಣ್ಣಿನ ಅಣೆಕಟ್ಟಿನ ಸ್ಥಿರತೆಗೆ ಇರುವ ಭಾರತೀಯ ಮಾನಕ ಐ.ಎಸ್. 7894ರ ಪ್ರಕಾರ ನೀರು ನಿಂತು ಒಸರು ಸ್ಥಿರವಾದಾಗ ಸುರಕ್ಷತಾ ಅಂಶ (ಜಾರದಂತೆ ತಡೆಯುವ ಬಲ ಜಾರಿಸುವ ಬಲದ ಎಷ್ಟು ಪಟ್ಟು ಎಂಬುದು) 1.5, ಜತೆಗೆ ಬಿಡದ ಮಳೆ ಸೇರಿದಾಗ 1.3, ನೀರು ಒಮ್ಮೆಲೇ ಇಳಿದಾಗ 1.3 ಇರಬೇಕು. ಮಳೆ ಸೇರಿದ ಲೆಕ್ಕವನ್ನು ಬಿಟ್ಟ ವರದಿ ನಮ್ಮ ಕರಾವಳಿಗೆ ಪ್ರಯೋಜನವಿಲ್ಲ. ನೆರೆ ಇಳಿದ ದಿನ ಹೊಳೆಬದಿ ಜಾರುವುದು ಸಾಮಾನ್ಯ. ಒಳಗೆ ನೆನೆದ ಮಣ್ಣಿಗೆ ಹೊರಗಿನ ನೀರಿನ ಆಸರೆ ತಪ್ಪಿರುತ್ತದೆ. ಎಲ್ಲರೂ ಉಸಿರು ಬಿಟ್ಟು ಮನೆಗೆ ಹೋದ ಹೊತ್ತದು.

8. ಅಂಕಿ ಹಾಕುವುದು

ಪ್ರತಿ ವಿಭಾಗಕ್ಕೂ, ಪ್ರತಿ ನೀರಿನ ಮಟ್ಟಕ್ಕೂ, ಒಡೆಯುವ ಸಂಭವ ಎಷ್ಟು? ಒಂದೇ ಏಟಿಗೆ ಊಹಿಸಬೇಡಿ, ಸರಪಳಿ ಮಾಡಿ. ತೂಬಿನ ಉದಾಹರಣೆ: ಟೊಳ್ಳಿನಲ್ಲಿ ಮಣ್ಣು ಹೊರಡುವ ಸಂಭವ 0.5, ಜಲ್ಲಿ-ಮರಳಿನ ಸೋಸುಪದರ ಇಲ್ಲದೆ ಅದು ಮುಂದುವರಿಯುವ ಸಂಭವ 0.5, ರಾತ್ರಿ ಯಾರೂ ನೋಡಿ ತಡೆಯದಿರುವ ಸಂಭವ 0.2. ಮೂರನ್ನೂ ಗುಣಿಸಿದರೆ 0.05. ಬಾಯಿಮಾತಿಗೆ ಅಂಕಿ ಬೇಕಾದರೆ ‘ಆಗಲೂಬಹುದು, ಆಗದಿರಲೂಬಹುದು’ 0.5, ‘ಸಂಭವ ಕಡಿಮೆ’ 0.1, ‘ತೀರಾ ಕಡಿಮೆ’ 0.01, ‘ಹೆಚ್ಚುಕಡಿಮೆ ಅಸಾಧ್ಯ’ 0.001. ಮೂರ್ನಾಲ್ಕು ಜನ ಬೇರೆ ಬೇರೆಯಾಗಿ ಬರೆದು ಆಮೇಲೆ ಹೋಲಿಸಿ. ಅಂಕಿಗಳು ದೂರ ದೂರ ಬಂದಲ್ಲಿ ಮತ್ತೊಮ್ಮೆ ಆಗರ್ ಇಳಿಸಬೇಕು.

ಈಗ ಉದ್ದದ ಪ್ರಶ್ನೆ. ಉಕ್ಕಿ ಹರಿಯುವುದು ಇಡೀ ದಂಡೆಗೆ ಒಂದೇ ನೀರಿನ ಮಟ್ಟದಿಂದ ಆಗುವುದು, ಹಾಗಾಗಿ ಅತಿ ತಗ್ಗಿನ ಜಾಗದ ಅಂಕಿಯನ್ನೇ ಇಡೀ ದಂಡೆಗೆ ಹಿಡಿಯಬಹುದು. ಬುಡದ ಸೋರಿಕೆ ಹಾಗಲ್ಲ. ಅದು ಆ ಜಾಗದ ಮಣ್ಣಿನ ಹಣೆಬರಹ. ಇಲ್ಲಿ ಗಟ್ಟಿ ಇದೆ ಎಂದರೆ ಅರ್ಧ ಕಿ.ಮೀ. ಆಚೆಯೂ ಗಟ್ಟಿ ಎಂದಾಗುವುದಿಲ್ಲ. ಡಚ್ಚರು ಇದಕ್ಕೆ ಸುಮಾರು 300 ಮೀ.ಗೊಂದು ಸ್ವತಂತ್ರ ತುಂಡು ಎಂದು ಹಿಡಿಯುತ್ತಾರೆ. 3 ಕಿ.ಮೀ. ದಂಡೆಗೆ ಹತ್ತು ತುಂಡು. ಹತ್ತು ವರ್ಷಕ್ಕೊಮ್ಮೆಯ ಮಟ್ಟದಲ್ಲಿ ಪ್ರತಿ ತುಂಡಿಗೆ 0.01, ತೂಬಿಗೆ 0.05, ಉಕ್ಕುವುದಕ್ಕೆ 0.01 ಎಂದಿರಲಿ. ಉಳಿಯುವ ಸಂಭವಗಳನ್ನು ಗುಣಿಸಿ: 0.99ನ್ನು ಹತ್ತು ಸಲ, ಒಂದು ಸಲ 0.95, ಇನ್ನೊಂದು ಸಲ 0.99. ಉತ್ತರ 0.85. ಅಂದರೆ ಒಡೆಯುವ ಸಂಭವ 0.15. ಪ್ರತಿ ತುಂಡೂ ಬಿಡಿಯಾಗಿ ‘ನೂರಕ್ಕೆ ತೊಂಬತ್ತೊಂಬತ್ತು ಗಟ್ಟಿ’, ಒಟ್ಟಿಗೆ ನೋಡಿದರೆ ಆರೇಳರಲ್ಲಿ ಒಂದು ಸಲ ಒಡೆಯುವ ದಂಡೆ.

ಇದೇ ಕಾಲ್ಪನಿಕ ದಂಡೆಗೆ ವಾರ್ಷಿಕ ಲೆಕ್ಕ ಹಾಕೋಣ. ನೂರರಲ್ಲಿ 90 ವರ್ಷ ನೀರು ಮಾಮೂಲಿ ಮಟ್ಟದಲ್ಲಿರುತ್ತದೆ, ಆಗ ಒಡೆಯುವ ಸಂಭವ 0.01. ಎಂಟು ವರ್ಷ ನಡುವಿನ ಮಟ್ಟ, ಸಂಭವ 0.15. ಉಳಿದ ಎರಡು ವರ್ಷ ಐವತ್ತು ವರ್ಷಕ್ಕೊಮ್ಮೆಯ ನೆರೆ, ಸಂಭವ 0.6. ಕ್ರಮವಾಗಿ 0.009, 0.012, 0.012. ಒಟ್ಟು 0.033, ಅಂದರೆ ಮೂವತ್ತು ವರ್ಷಕ್ಕೊಮ್ಮೆ. ಮೂವತ್ತು ವರ್ಷದೊಳಗೆ ಒಮ್ಮೆಯಾದರೂ ಒಡೆಯುವ ಸಂಭವ ನೂರಕ್ಕೆ 63.

ಇಲ್ಲಿ ಎತ್ತರ ಏರಿಸಿದರೆ ಏನಾಗುತ್ತದೆ? ದೊಡ್ಡ ನೆರೆಯ 0.6 ಅರ್ಧಕ್ಕಿಳಿಯಿತು ಎಂದುಕೊಂಡರೂ ಒಟ್ಟು ಅಂಕಿ 0.027. ಅದರ ಬದಲು ತೂಬಿನ ಪಕ್ಕದ ಮಣ್ಣು ಬಿಚ್ಚಿ, ಸೋಸುಪದರ ಹಾಕಿ, ಸರಿಯಾಗಿ ಗುದ್ದಿ ಕಟ್ಟಿದರೆ ಮಾಮೂಲಿ ವರ್ಷದ 0.01 ಸುಮಾರು 0.004ಕ್ಕೆ, ನಡುವಿನ 0.15 ಸುಮಾರು 0.11ಕ್ಕೆ ಇಳಿದು ಒಟ್ಟು 0.024 ಆಗುತ್ತದೆ. 3 ಕಿ.ಮೀ. ಉದ್ದ, 2 ಮೀ. ಅಗಲದ ನೆತ್ತಿಗೆ ಒಂದು ಅಡಿ ಏರಿಸಲು ಇಳಿಜಾರು ಬಿಟ್ಟೇ 1,800 ಘನ ಮೀಟರ್ ಮಣ್ಣು ಬೇಕು, 5 ಘನ ಮೀಟರಿನ ಟಿಪ್ಪರ್‌ನಲ್ಲಿ 360 ಲೋಡ್. ತೂಬಿನ ಕೆಲಸ ಅದರ ಒಂದು ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಮೆತ್ತನೆ ಕೆಸರಿನ ಮೇಲೆ ಕೂತ ದಂಡೆಗೆ ಹೊಸ ಭಾರ ಹೇರಿದರೆ ಜಾರುವ ಅಪಾಯ ಬೇರೆ.

ಸಂಭವದ ಪಕ್ಕದಲ್ಲಿ ನಷ್ಟವನ್ನೂ ಬರೆಯಿರಿ: ಆ ತುಂಡಿನ ಹಿಂದೆ 50 ಮೀ. ಒಳಗೆ ಎಷ್ಟು ಮನೆ, ಎಷ್ಟು ಎಕರೆ ಗದ್ದೆ, ಉಪ್ಪಾಗುವ ಬಾವಿ ಎಷ್ಟು, ಕುದ್ರು (ಹೊಳೆ ನಡುವಿನ ದ್ವೀಪ) ಆಗಿದ್ದರೆ ಹೊರಬರಲು ಕಾಲುಸಂಕವೋ ದೋಣಿಯೋ. ರಿಪೇರಿಯ ಸರದಿ ನಿರ್ಧಾರವಾಗುವುದು ಸಂಭವ ಮತ್ತು ನಷ್ಟದ ಗುಣಲಬ್ಧದಿಂದ.

9. ಮಳೆಗಾಲದ ಕಾವಲು

ಪಟ್ಟಿಯಲ್ಲಿ ಮೇಲಿರುವ ಐದು ಜಾಗಗಳ ದೂರವನ್ನು ಬರೆದು ಕಾವಲಿನವರಿಗೆ ಕೊಡಿ. ಇಡೀ 3 ಕಿ.ಮೀ. ರಾತ್ರಿ ಸುತ್ತಲು ಯಾರಿಗೂ ಆಗದು, ಐದು ಜಾಗ ಉಬ್ಬರಕ್ಕೊಮ್ಮೆ ನೋಡಬಹುದು. ಮೇಲಿನ ಸರಪಳಿಯ 0.2 ಕಡಿಮೆಯಾಗುವುದು ಇದರಿಂದಲೇ. ಹತ್ತಿರದಲ್ಲಿ 200 ಮರಳು ಚೀಲ, ಎರಡು ಟರ್ಪಾಲು, ಟಾರ್ಚು, ಬೇಬಿ ಜಲ್ಲಿಯ ಒಂದು ರಾಶಿ ಇರಲಿ.

ಗದ್ದೆಯಲ್ಲಿ ಮರಳು ಉಗುಳುವ ಬುಗ್ಗೆ ಎದ್ದರೆ ಅದರ ಬಾಯಿಗೆ ಚೀಲ ತುರುಕಬೇಡಿ. ಒತ್ತಡ ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಸುತ್ತಲೂ ಒಂದು ಮೀಟರ್ ಬಿಟ್ಟು ಚೀಲಗಳನ್ನು ಬಾವಿಕಟ್ಟೆಯಂತೆ ಉಂಗುರವಾಗಿ ಪೇರಿಸಿ. ಒಳಗೆ ನೀರು ಏರಿದಂತೆ ಬುಗ್ಗೆಯ ರಭಸ ಇಳಿಯುತ್ತದೆ. ನೀರು ತಿಳಿಯಾದ ಮಟ್ಟದಲ್ಲಿ ಪೇರಿಸುವುದನ್ನು ನಿಲ್ಲಿಸಿ, ಅಲ್ಲೊಂದು ತುಂಡು ಪೈಪು ಇಟ್ಟು ಹೊರಗೆ ಹರಿಯಲು ಬಿಡಿ. ಪೈಪಿನಿಂದ ಮತ್ತೆ ಕೆಂಪು ನೀರು ಬಂದರೆ ಇನ್ನೊಂದು ವರಸೆ ಚೀಲ ಏರಿಸಿ, ಹಿಂದಿನ ಮನೆಯವರನ್ನು ಆಗಲೇ ಎಬ್ಬಿಸಿ, ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಗೂಟದ ದೂರ ಸಹಿತ ತಿಳಿಸಿ.